ಚೀಲದ ತುಂಬ ಹೆಜ್ಜೆಗಳು

ಮೊನ್ನೆ ಭಾನುವಾರ ಜೋಗೇಶ್ವರಿಯಲ್ಲಿ ಕಾಕು, ಅಂದರೆ ನನ್ನ ಚಿಕ್ಕಮ್ಮನ ಮನೆಯ ಅಟ್ಟ ಗುಡಿಸಲು ಹತ್ತಿದವನಿಗೆ ಮೊದಲು ಎದುರಾದದ್ದು ಹಳೆಯ ಚರ್ಮದ ವಾಸನೆ. ಒಂದು ದೊಡ್ಡ ಚೀಲ, ಅದರ ತುಂಬ ಬೂಟು, ಚಪ್ಪಲಿ, ಎತ್ತರದ ಹಿಮ್ಮಡಿಯ ಹೆಂಗಸರ ಸ್ಯಾಂಡಲ್ಲು.

"ಹೊರಗ ಒಗದ ಬಿಡ್ಲೇನ್ರಿ ಕಾಕು?"

ಕೆಳಗೆ ಟೀವಿ ನೋಡುತ್ತಿದ್ದ ಕಾಕು, "ನಿಮ್ಮ ಕಾಕಾಗ ಅನ್ನಾ ಹಾಕಿದ ಚೀಲ ಅದು. ಅಲ್ಲೇ ಇರ್ಲಿ," ಎಂದರು.

ಕಾಕಾ ಧಾರವಾಡದಿಂದ ಬಂದು ಅಂಧೇರಿಯ ಸ್ಟುಡಿಯೋ ಒಂದರಲ್ಲಿ ಮೂವತ್ತು ವರ್ಷ ನಡೆದವರು. ನಡೆಯುವುದೇ ಅವರ ಕೆಲಸ. ಸಿನಿಮಾದಲ್ಲಿ ಯಾರು ನಡೆದರೂ ಆ ಕಾಲುಗಳನ್ನೇ ನೋಡುತ್ತ, ಮೈಕಿನ ಮುಂದೆ ಮರಳಿನ ಮೇಲೋ ಹಲಗೆಯ ಮೇಲೋ ಹೆಜ್ಜೆ ಹಾಕಿ ಸದ್ದು ಕೊಡುವುದು. ಹಪ್ಪಳ ಮುರಿದು ಖಳನಾಯಕನ ಮೂಳೆಯನ್ನೂ ಮುರಿಯುತ್ತಿದ್ದರು. ಕಾಲೇಜಿನ ಗೆಳೆಯರು ಕೇಳಿದರೆ ನಾನು ಮಾತು ತೇಲಿಸಿಬಿಡುತ್ತಿದ್ದೆ. ಮೀಸೆ ಹೊತ್ತ ಗಂಡಸು ನಾಯಕಿಯ ಸ್ಯಾಂಡಲ್ಲಿಗೆ ಪಾದ ತುರುಕುತ್ತಾನೆಂದು ಹೇಗೆ ಹೇಳುವುದು, ನೀವೇ ಹೇಳಿ!

ಒಮ್ಮೆ ನನ್ನನ್ನೂ ಕರೆದೊಯ್ದರು. ಪರದೆಯ ಮೇಲೆ ಒಬ್ಬ ತಾಯಿ ಮಗನನ್ನು ಬಿಟ್ಟು ಹೊರಡುತ್ತಾಳೆ, ನಾಲ್ಕೇ ಹೆಜ್ಜೆ. ಕಾಕಾ ಅದನ್ನು ಹನ್ನೊಂದು ಸಲ ನಡೆದರು. "ಆಕಿಗೆ ಹೋಗೂ ಮನಸಿಲ್ಲಪಾ. ಹಿಮ್ಮಡಿ ಹಿಂದ ಉಳೀಬೇಕು." ನಾನು ಹೊಗಳಹೋದರೆ, "ನನ್ನ ಹೆಜ್ಜಿ ಅಂತ ಗೊತ್ತಾತಂದ್ರ ಕೆಲಸ ಕೆಟ್ಟಂಗ," ಎಂದು ಗದರಿದರು. ಹಾಗೆ ಎಲ್ಲರಾಗಿ ನಡೆದವರು ಸಂಜೆ ಬಿಲ್ಡಿಂಗಿಗೆ ಬಂದರೆ ಮೊಣಕಾಲು ನೋವಿನಿಂದ ಮೂರು ಮೆಟ್ಟಿಲಿಗೊಮ್ಮೆ ನಿಂತು, ಕಾಲೆಳೆದು ಹತ್ತುತ್ತಿದ್ದರು.

ಅವರು ತೀರಿಹೋದ ಮೇಲೆ ಆ ಕಸುಬುಗಾರಿಕೆಯೇ ಕಾಕುವಿಗೆ ಮುಳುವಾಯಿತು. ಗಂಡ ಕೆಲಸ ಮಾಡಿದ ಸಿನಿಮಾ ಬಂದಾಗಲೆಲ್ಲ ಟೀವಿ ಜೋರು ಮಾಡಿ, ಕಣ್ಣು ಮುಚ್ಚಿ ಅವರ ಹೆಜ್ಜೆಗೆ ಕಿವಿಗೊಟ್ಟು ಕೂರುತ್ತಾರೆ. ಸಿಗುವುದು ಪೊಲೀಸ, ಕುಡುಕ, ಮದುಮಗಳು. "ಎಲ್ಲಾರ ಕಾಲಾಗೂ ಅದಾರ. ನನಗ ಮಾತ್ರ ಸಿಗವಲ್ರು," ಎನ್ನುತ್ತಾರೆ. ಆ ಗದ್ದಲಕ್ಕೆ ನಾನು ಎಷ್ಟೋ ಸಲ ರೇಗಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆಯೂ ಸದ್ದು ಸಣ್ಣ ಮಾಡಿಸಲೆಂದೇ ಅಟ್ಟದಿಂದ ಇಳಿದೆ. ಟೀವಿಯಲ್ಲಿ ಮುಚ್ಚಿದ ಬಾಗಿಲೊಂದೇ ಕಾಣುತ್ತಿತ್ತು. ಆಚೆ ಯಾರೋ ಮೆಟ್ಟಿಲು ಹತ್ತುವ ಸದ್ದು. ಮೂರು ಹೆಜ್ಜೆ. ಮೌನ. ಒಂದು ಕಾಲು ತುಸು ಎಳೆದು ಮತ್ತೆ ಮೂರು.

"ಬಂದ್ರು," ಎಂದು ಕಾಕು ದಡಕ್ಕನೆ ಎದ್ದು ಹೋಗಿ ಮನೆಯ ಬಾಗಿಲ ಚಿಲಕಕ್ಕೆ ಕೈ ಹಾಕಿದರು.

ನೋಡಿ ನಡೆಯಲು ಬೇರೆಯವರ ಕಾಲು ಕಾಣದ ಆ ಒಂದು ಕಡೆ ಕಾಕಾ ಮೈಮರೆತು ತಾವೇ ನಡೆದುಬಿಟ್ಟಿದ್ದರು. ಅವರ ಪ್ರಕಾರ ಕೆಲಸ ಕೆಟ್ಟಿತ್ತು. ಕಾಕು ಚಿಲಕ ಹಿಡಿದೇ ನಿಂತಿದ್ದರು. ನಾನು ರಿಮೋಟ್ ತೆಗೆದುಕೊಂಡು ಸದ್ದನ್ನು ಇನ್ನಷ್ಟು ಏರಿಸಿದೆ.