ಉತ್ತರ ಓದಿ ಬಂದ ಗಿರಾಕಿ

ಗೆಳೆಯರೇ, ಇವತ್ತು ನನ್ನ ಕೆಲಸ ಸ್ವಲ್ಪದರಲ್ಲಿ ಉಳಿಯಿತು. ಜೋರಾಪುರ ಪೇಟೆಯಲ್ಲಿ ಒಣದ್ರಾಕ್ಷಿ ಮಾರುವ ಕಾಕಾ ಅವರ ವೆಬ್‌ಸೈಟಿಗೆ ಬರೆಯುವವನು ನಾನು. 'ಒಣದ್ರಾಕ್ಷಿಗೆ ಹುಳ ಬೀಳದಂತೆ ಇಡುವುದು ಹೇಗೆ?' ಎಂದು ಯಾರು ಹುಡುಕಿದರೂ ಈಗ ನಾನು ಬರೆದ ಎರಡು ಸಾಲಿನ ಉತ್ತರವೇ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದೆ.

ಕಾಕಾ ಸಿಡಿದರು: "ಉತ್ತರ ಫೋನಿನ್ಯಾಗ ಸಿಕ್ಕರ ಅಂಗಡಿಗೆ ಯಾರ್ ಬರ್ತಾರಲೇ? ಮೊದಲ ಅದನ್ನ ತಗಿ!"

ಅಳಿಸಲು ಕುಳಿತೆ. ಅಷ್ಟರಲ್ಲಿ ಬಬಲೇಶ್ವರದಿಂದ ಬಸ್ಸಿನಲ್ಲಿ ಬಂದ ಹೆಣ್ಣುಮಗಳೊಬ್ಬಳು ಮೊಬೈಲಿನಲ್ಲಿ ಅದೇ ಉತ್ತರ ತೋರಿಸಿದಳು. "ಸಾವ್ಕಾರ್ರ, ನಿಮ್ಮ ಅಂಗಡಿ ಹೆಸರಿಲೆ ಹಿಂಗ ಬರದಾರ. ಇದು ಖರೇ ಐತೇನ್ರಿ?"

ಕಾಕಾ ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಆ ಎರಡೇ ಸಾಲನ್ನು ಪುರಾಣದಂತೆ ವಿವರಿಸಿದರು. ಆಕೆ ಚೀಲ ತುಂಬಿಸಿಕೊಂಡು ಹೋದಳು. ಅಳಿಸಲು ಹೇಳಿದ್ದನ್ನು ಕಾಕಾ ಮರೆತರು, ನಾನೂ ನೆನಪಿಸಲಿಲ್ಲ.

ನಮ್ಮ ಕಡೆಯವರು ಉತ್ತರ ಓದಿದ ಮೇಲೆಯೇ ಪ್ರಶ್ನೆ ಕೇಳಲು ಬಸ್ ಹತ್ತುತ್ತಾರೆ.