ಎಡಕ್ಕೆ ತಿರುಗಿದರೆ ಏನಂತೆ

ಹೆಲಿಕಾಪ್ಟರ್ ಹಾಸನದಲ್ಲಿ ಹಾರಿತ್ತು, ಮಗ್ಗೆ ಹತ್ತಿರದ ನಮ್ಮ ಕಣದಲ್ಲಿ ಹಾರಲಿಲ್ಲ. ವಾದ ಶುರುಮಾಡಲು ನನಗೆ ಇಷ್ಟು ಸಾಕಿತ್ತು. ಕಾಲೇಜಿನ ಸೀನಿಯರ್ ಒಬ್ಬಳಿಂದ ಕೊಂಡ ಹಳೆಯ ಹೆಲಿಕಾಪ್ಟರ್ ಅದು. ಮೊಳದುದ್ದ, ರಿಮೋಟಿನಿಂದ ನಡೆಸುವಂಥದ್ದು. ರಜೆಗೆ ತರುವ ಹಿಂದಿನ ದಿನ ಹಾಸ್ಟೆಲ್ ಮೈದಾನದಲ್ಲಿ ತೆಂಗಿನ ಮರದೆತ್ತರಕ್ಕೆ ಏರಿಸಿ ಇಳಿಸಿದ್ದೆ. ಮನೆಯಲ್ಲಿ, ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ, ಭರ್ರೆಂದು ಸದ್ದು ಮಾಡಿ ನೆಲಕ್ಕೆ ಅಂಟಿಕೊಂಡು ಕೂತಿತು.

ಬರೀ ಆಟಿಕೆಯ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ಆ ಸಲ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು ಹಾಯಿಸುವ ಪಂಪ್‌ಹೌಸಿನ ಉಸ್ತುವಾರಿ ನನಗೆ ಬೇಕೆಂದು ಕೇಳಿದ್ದೆ. ಅದು ಮೊದಲಿನಿಂದಲೂ ದೊಡ್ಡಪ್ಪನ ರಾಜ್ಯ. ಹೆಣ್ಣುಮಕ್ಕಳ ಕೈಗೆ ಮೋಟಾರು ಒಗ್ಗುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ಷರತ್ತು ಹಾಕಿದರು.

"ಮೊದ್ಲು ನಿನ್ ಗೊಂಬೆ ಎಬ್ಸವ್ವ, ಲಾಯರಮ್ಮ. ಅದು ಮ್ಯಾಲಕ್ಕೆ ಹೋದ್ರೆ ಪಂಪೂ ನಿಂದೇ."

ಆಟಿಕೆ ಹಾರುವುದಕ್ಕೂ ಪಂಪು ನಡೆಸುವ ಯೋಗ್ಯತೆಗೂ ಏನು ಸಂಬಂಧ? ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಇದನ್ನು ಮೊದಲ ನಿಮಿಷದಲ್ಲೇ ಹರಿದುಹಾಕುತ್ತಿದ್ದೆ. ಆದರೂ ಒಪ್ಪಿಕೊಂಡೆ. ಸಂಬಂಧವಿಲ್ಲದ ಷರತ್ತನ್ನೂ ಗೆದ್ದುಬಿಟ್ಟರೆ ಎದುರಾಳಿಯ ಬಳಿ ಉಳಿಯುವುದೇನು?

ಕಾರಣ ಹೇಳುವವರಿಗೆ ಬರವಿರಲಿಲ್ಲ. ಘಾಟಿಯಿಂದ ಬರುವ ಗಾಳಿ ಭಾರ ಎಂದರು ಅಪ್ಪ. ದೃಷ್ಟಿಯಾಗಿದೆ, ಒಂದು ಕಾಯಿ ಒಡೆದು ನೋಡೋಣ ಎಂದಳು ಅಮ್ಮ. ಬೇಡವೆಂದೆ. ಒಡೆದ ಮೇಲೆ ಹಾರಿದರೆ ಕೀರ್ತಿಯೆಲ್ಲ ಕಾಯಿಗೆ ಹೋಗುತ್ತದೆ, ದೋಷ ಎಲ್ಲಿತ್ತೆಂದು ಗೊತ್ತಾಗುವುದೇ ಇಲ್ಲ. ಅಮ್ಮ ಆ ಕಾಯಿ ತುರಿದು ಚಟ್ನಿ ಮಾಡಿದಳು.

ಬ್ಯಾಟರಿ ಪೂರ್ತಿ ತುಂಬಿತ್ತು. ರೆಕ್ಕೆಗಳಲ್ಲಿ ಬಿರುಕಿರಲಿಲ್ಲ, ತಲೆಕೆಳಗಾಗಿಯೂ ಕೂತಿರಲಿಲ್ಲ. ಹಲ್ಲುಚಕ್ರ ಜಾರುತ್ತಿರಲಿಲ್ಲ. ಎರಡು ದಿನ ಹೀಗೇ ಹೋಯಿತು. ದೊಡ್ಡಪ್ಪ ಕಣದ ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತ, "ಕೋಳಿ ಕಾವಿಗೆ ಕುಂತಂಗೆ ಕುಂತೈತಲ್ಲವ್ವ" ಎನ್ನುತ್ತಿದ್ದರು.

ಮೂರನೆಯ ಬೆಳಿಗ್ಗೆ ಕಣದ ತುಂಬ ಒಣ ಕಾಫಿ ಸಿಪ್ಪೆ ಚೆಲ್ಲಿತ್ತು. ಗುಡಿಸಲು ಸೋಮಾರಿತನ, ಅದರ ಮೇಲೆಯೇ ಇಟ್ಟು ವೇಗ ಏರಿಸಿದೆ. ಸಿಪ್ಪೆ ಸುತ್ತಲೂ ಚದುರಬೇಕಿತ್ತು. ಅದು ಒಳಕ್ಕೆ ಸರಿದು, ರೆಕ್ಕೆಯ ಕಡೆಗೆ ಮೇಲೆದ್ದಿತು. ಅಂದರೆ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುವ ಬದಲು ಮೇಲಕ್ಕೆ ಎಸೆಯುತ್ತಿತ್ತು. ವೇಗ ಇಳಿಸಿ, ನಿಲ್ಲುವ ಹೊತ್ತಿಗೆ ಕಣ್ಣಿಟ್ಟು ನೋಡಿದೆ. ಎಡಕ್ಕೆ ತಿರುಗಬೇಕಾದದ್ದು ಬಲಕ್ಕೆ ತಿರುಗುತ್ತಿತ್ತು.

ಮುಚ್ಚಳ ಬಿಚ್ಚಿದೆ. ಮೋಟಾರಿನ ಮೂರು ವೈರುಗಳಲ್ಲಿ ಎರಡು ಅದಲುಬದಲಾಗಿದ್ದವು. ಅದು ತಾನಾಗಿ ಆಗುವ ಕೆಲಸವಲ್ಲ. ತೋಟದ ಪಂಪು ಉಲ್ಟಾ ತಿರುಗಿ ನೀರೆತ್ತದೆ ಹೋದಾಗ ಮಾಡುವುದೂ ಇದನ್ನೇ, ಅದನ್ನು ಮಾಡುವ ಕೈ ನಮ್ಮ ಮನೆಯಲ್ಲಿ ಒಂದೇ.

ದೊಡ್ಡಪ್ಪ ಮುಚ್ಚಿಡಲಿಲ್ಲ. ನಾನು ಊರಿಗೆ ಬಂದ ಸಂಜೆ, ಸ್ನಾನಕ್ಕೆ ಹೋಗಿದ್ದಾಗ, ರಿಮೋಟು ಒತ್ತಿ ನೋಡಿದರಂತೆ.

"ಎಡಕ್ಕೆ ಸುತ್ತಾ ಇತ್ತು ಕಣವ್ವ. ಬೀಸೋ ಕಲ್ಲಿಂದ ಹಿಡ್ದು ಗುಡಿ ಸುತ್ತೋವರ್ಗೂ ಎಲ್ಲಾ ಬಲಕ್ಕೆ. ಎಡಕ್ಕೆ ಸುತ್ತಿದ್ದು ಎಲ್ಲಾದ್ರೂ ಮೇಲಾಗ್ತದಾ? ನಿಂದು ಚೆನ್ನಾಗಿ ಹಾರ್ಲಿ ಅಂತ್ಲೇ ಸರಿ ಮಾಡ್ಬುಟ್ಟೆ."

ಆ ಕೊನೆಯ ಮಾತಿಗೆ ನನ್ನ ಕೋಪ ಸ್ವಲ್ಪ ಇಳಿಯಿತು, ವಾದ ಬಿಡುವಷ್ಟಲ್ಲ.

"ಶಿವನ ಗುಡೀಲಿ ಅಭಿಷೇಕದ ನೀರು ಹೋಗೋ ಕಾಲುವೆ ದಾಟ್ತೀರಾ ದೊಡ್ಡಪ್ಪ? ಅಲ್ಲೀವರ್ಗೂ ಹೋಗಿ ವಾಪಸ್ ಎಡಕ್ಕೇ ತಾನೇ ಬರೋದು? ಶಿವ ಯಾವತ್ತಾದ್ರೂ ಬೇಡ ಅಂದ್ನಾ?"

ಅವರು ಎಲೆ ಅಗಿಯುವುದನ್ನು ನಿಲ್ಲಿಸಿದರು. ನಾನು ವೈರುಗಳನ್ನು ಮೊದಲಿನಂತೆ ಸಿಕ್ಕಿಸಿದೆ. ಸಿಪ್ಪೆ ನಾಲ್ಕೂ ಕಡೆ ಹಾರಿ ಅಮ್ಮನ ಸೆರಗಿನ ತುಂಬ ಬಿತ್ತು. ಹೆಲಿಕಾಪ್ಟರ್ ಕಟ್ಟೆ ದಾಟಿ ಸಿಲ್ವರ್ ಓಕಿನ ಅರ್ಧದವರೆಗೆ ಏರಿತು. ಇವತ್ತು ಗಾಳಿ ಹಗುರ ಇದೆ ಎಂದರು ಅಪ್ಪ.

ದೊಡ್ಡಪ್ಪ ಮಾತಿಗೆ ತಪ್ಪಲಿಲ್ಲ, ಪಂಪ್‌ಹೌಸಿನ ಕೀಲಿ ತಂದುಕೊಟ್ಟರು. ಮೊದಲ ದಿನ ಮಾತ್ರ ತಾನೂ ಪಕ್ಕದಲ್ಲಿ ನಿಂತಿರುತ್ತೇನೆ ಎಂದರು.

"ನಿಂತ್ಕೊಳ್ಳಿ. ವೈರು ಮುಟ್ಟಂಗಿಲ್ಲ," ಎಂದೆ.

"ಪಂಪು ಎಡಕ್ಕೆ ಸುತ್ತಿದ್ರೆ?"

"ಅದ್ರ ಮೈಮೇಲೆ ಬಾಣದ ಗುರುತು ಐತೆ. ಅದು ಎತ್ಲಾಗ್ ತೋರ್ಸುತ್ತೋ ಅತ್ಲಾಗ್ ಸುತ್ತಿಸ್ತೀನಿ."