ಬಂದೂಕಿಗೆ ಪ್ಯಾಂಟಿನ ಗುಂಡಿ

ಆ ಬಂದೂಕು ಕೆಟ್ಟದ್ದು ತುಕ್ಕಿನಿಂದಲ್ಲ, ನನ್ನ ಗಂಡ ಕೈಯಲ್ಲಿ ಕಬ್ಬಿಣ ತಿಕ್ಕುವ ಅರ ಹಿಡಿದದ್ದರಿಂದ. ಅವರು ಏನೇ ಹೇಳಲಿ, ನಡೆದದ್ದು ಇಷ್ಟೇ.

ಬಂದೂಕು ನಮ್ಮ ಮಾವನವರದು. ಸಿರುಗುಪ್ಪದ ನಮ್ಮ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು, ಕುರುಗೋಡಿನ ಕಮ್ಮಾರನ ಜೊತೆ ಕೂತು ತಾವೇ ಮಾಡಿಕೊಂಡದ್ದು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ್ದು. ಲೈಸೆನ್ಸ್ ಇದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಹೋದ ಸಲ ಪೊಲೀಸಪ್ಪ ರಸೀದಿಯಲ್ಲಿ "ಮರದ ಹಿಡಿ ಇರುವ ಕಬ್ಬಿಣದ ಕೊಳವೆ, ಒಂದು" ಎಂದು ಬರೆದಿದ್ದ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಜೋರಾಗಿ ಓದಿದೆ. ನನ್ನ ಗಂಡ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಈ ಸಲ ಚುನಾವಣೆ ಬಂದಾಗ ಹಟ ಹಿಡಿದರು. "ರಸೀದ್ಯಾಗ ಬಂದೂಕು ಅಂತ ಬರೀಲಿಲ್ಲಂದ್ರ ನಮ್ಮಪ್ಪನ ಮರ್ಯಾದಿ ಹೋತು."

ಬಂದೂಕಿನ ಮೇಲೆ ಎತ್ತಿ ನಿಲ್ಲಿಸುವ ಒಂದು ಕೊಕ್ಕು ಇರುತ್ತದೆ. ಅದಕ್ಕೆ ಕುದುರೆ ಎನ್ನುತ್ತಾರೆ; ಅದು ಎದ್ದು ಬಡಿದರೇ ಗುಂಡು ಹಾರುವುದು. ನಮ್ಮದು ಬಿಗಿಯಾಗಿ ಏಳುತ್ತಲೇ ಇರಲಿಲ್ಲ. ಅರದಿಂದ ತಿಕ್ಕಿದರು, ಸಡಿಲವಾಯಿತು. ತಗಡು ತುರುಕಿದರು, ಬಿಗಿಯಾಯಿತು. ಮತ್ತೆ ತಿಕ್ಕಿದರು. ಮೂರನೇ ದಿನಕ್ಕೆ ಕುದುರೆ ಎಷ್ಟು ಸವೆಯಿತೆಂದರೆ, ಎತ್ತಿ ನಿಲ್ಲಿಸಿದ್ದು ಯಾರಾದರೂ ಕೆಮ್ಮಿದರೆ ಟಪ್ ಎಂದು ಬೀಳತೊಡಗಿತು. ನನಗೋ ಆಗ ಕೆಮ್ಮು.

"ಲೇ, ಹೊರಗ ಹೋಗಿ ಕೆಮ್ಮು."

"ನೀವ ಹೊರಗ ಹೋಗಿ ತಿಕ್ರಿ. ಸಾರಿನ್ಯಾಗ ಕಬ್ಬಿಣದ ಪುಡಿ ಬಿದ್ದೈತಿ."

ನಾನು ಬಳ್ಳಾರಿಯ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿಗೆ ಗುಂಡಿ ಹೊಡೆಯುವವಳು. ಸಾಕಾಗಿ ಹೋಗಿ, ಎರಡು ಹಿತ್ತಾಳೆ ಗುಂಡಿ ತಂದು ಕುದುರೆಯ ಎರಡೂ ಪಕ್ಕಕ್ಕೆ ಒತ್ತಿ ಬಿಗಿದೆ. ನಿಂತಿತು. ಕೆಮ್ಮಿದೆ. ಬೀಳಲಿಲ್ಲ. ಬೇಕೆಂದೇ ಇನ್ನೊಮ್ಮೆ ಕೆಮ್ಮಿದೆ. ನನ್ನ ಗಂಡ ಸೊಸೆಯ ಕೈಯಲ್ಲಿ ನನಗೆ ಚಹಾ ಮಾಡಿಸಿದರು.

ಠಾಣೆಯಲ್ಲಿ ಪೊಲೀಸಪ್ಪ ಅದನ್ನು ಮೇಜಿನ ಮೇಲಿಟ್ಟು ತಿರುವಿ ನೋಡಿದ. "ಅಜ್ಜಾ, ಇದೇನು ಹೊಳೀತೈತಿ?"

"ಕುರುಗೋಡಿನ ಕೆಲಸ ಸಾಹೇಬ್ರ."

"ಪ್ಯಾಂಟಿನ ಗುಂಡಿ," ಎಂದೆ ನಾನು.

ಅವನು ಒಮ್ಮೆ ತನ್ನ ಪ್ಯಾಂಟು ನೋಡಿಕೊಂಡ. ಆಮೇಲೆ ಕುದುರೆ ಎತ್ತಿ ನಿಲ್ಲಿಸಿದ. ಅಷ್ಟರಲ್ಲಿ ಅವನಿಗೆ ಸೀನು ಬಂತು. ನಾನು ಕೆಮ್ಮಿ ನೋಡಿದ್ದೆ, ಸೀನಿ ನೋಡಿರಲಿಲ್ಲ. ಟಪ್! ಒಳಗೆ ಮದ್ದಿಲ್ಲ, ಏನೂ ಇಲ್ಲ. ಆದರೂ ಪೊಲೀಸಪ್ಪ ಮೇಜಿನ ಕೆಳಗೆ ಹೋದ. ಅವನಿಗಿಂತ ಮೊದಲೇ ನನ್ನ ಗಂಡ ಅಲ್ಲಿದ್ದರು.

"ಅಜ್ಜಾ, ನಿಮ್ಮ ಬಂದೂಕಿಗೆ ನೀವ ಹೆದರ್ತೀರಿ?"

"ನೀವೂ ಹೆದರಿದ್ರಲ್ಲ ಸಾಹೇಬ್ರ," ಎಂದೆ. "ಕೊಳವಿಗೆ ಯಾರರ ಹೆದರ್ತಾರೇನು?"

ಅವನು ಬಟ್ಟೆ ಕೊಡವಿಕೊಂಡು ರಸೀದಿ ಬರೆದ. ನಾನು ಜೋರಾಗಿ ಓದಿದೆ: "ಬಂದೂಕು, ಒಂದು. ಪ್ಯಾಂಟಿನ ಗುಂಡಿ, ಎರಡು." ನನ್ನ ಗಂಡನಿಗೆ ಮೊದಲನೆಯದು ಮಾತ್ರ ಕೇಳಿಸಿತು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ರಸೀದಿ ತೋರಿಸಿದರು, ಎರಡನೇ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು.

ಮರುದಿನ ಬೆಳಿಗ್ಗೆ ನೋಡಿದರೆ, ನನ್ನ ಗಂಡ ಬಾಗಿಲ ಚಿಲಕ ಬಿಗಿಯೋ ಸಡಿಲೋ ಎಂದು ಅಲ್ಲಾಡಿಸುತ್ತಾ ನಿಂತಿದ್ದಾರೆ. ನಾನು ಅರವನ್ನು ಜೋಳದ ಡಬ್ಬಿಯ ತಳಕ್ಕೆ ತುರುಕಿ ರೊಟ್ಟಿ ಬಡಿಯಲು ಕೂತೆ.